ಭಾವನವರ ಮೀಥೇನು, ಅಕ್ಕನ ಸಾರಿನ ಪುಡಿ

ನಮ್ಮ ಭಾವ ಈ ಭೂಮಿಯನ್ನು ಇದುವರೆಗೆ ಏಳು ಸಲ ಉಳಿಸಿದ್ದಾರೆ. ನಾಲ್ಕು ಸಲ ಘಾಜಿಯಾಬಾದಿನ ತಮ್ಮ ಫ್ಲ್ಯಾಟಿನಿಂದ, ಎರಡು ಸಲ ದೆಹಲಿಯ ಕಿದ್ವಾಯಿ ನಗರದ ನಮ್ಮ ಅಡುಗೆಮನೆಯಿಂದ, ಇನ್ನೊಂದು ಸಲ ಯಾರದೋ ಮನೆಯ ಸತ್ಯನಾರಾಯಣ ಪೂಜೆಯ ನಡುವೆ. ಭೂಮಿಗೆ ಇದು ಗೊತ್ತಿದೆಯೋ ಇಲ್ಲವೋ ನಾನು ಕಾಣೆ. ಒಂದು ಥ್ಯಾಂಕ್ ಯೂ ಅಂತೂ ಬಂದ ಹಾಗಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ವಯಸ್ಸು ಎಂಬತ್ತರ ಹತ್ತಿರ. ಮಿನಿಸ್ಟ್ರಿಯೊಂದರಲ್ಲಿ ಮೂವತ್ತೈದು ವರ್ಷ ಫೈಲುಗಳೊಂದಿಗೆ ಸಂಸಾರ ಮಾಡಿ ರಿಟೈರಾದವರು. ಅಷ್ಟೂ ವರ್ಷ ಅಡುಗೆಮನೆಯೆಂದರೆ ಅವರ ಪಾಲಿಗೆ ಕಾಫಿ ಬರುವ ದಿಕ್ಕು, ಅಷ್ಟೇ. ಅಂಥವರು ಹೋದ ವರ್ಷ ಹೋಳಿ ಕಳೆದ ವಾರ ಇದ್ದಕ್ಕಿದ್ದಂತೆ, "ಗ್ಯಾಸ್ ಒಲೆ ಈ ಮನೆಯಿಂದ ಹೋಗಬೇಕು" ಎಂದು ಘೋಷಿಸಿಬಿಟ್ಟರು. ಕಾರಣ? ಪೈಪಿನಲ್ಲಿ ಬರುವ ಗ್ಯಾಸು ಬಹುಪಾಲು ಮೀಥೇನಂತೆ. ಹೊತ್ತಿಸುವಾಗ ಒಂದಿಷ್ಟು, ಆರಿಸುವಾಗ ಒಂದಿಷ್ಟು, ಪೈಪಿನ ಸಂದಿಗೊಂದಿಗಳಿಂದ ಮತ್ತಿಷ್ಟು ಸೋರಿ, ಮೇಲಕ್ಕೇರಿ, ಭೂಮಿಗೆ ದಪ್ಪನೆಯ ರಜಾಯಿ ಹೊದಿಸುತ್ತದಂತೆ. ಮೇ ತಿಂಗಳಿನಲ್ಲಿ ರಜಾಯಿ ಹೊದ್ದವರ ಗತಿ ಏನಾದೀತು, ನೀವೇ ಹೇಳಿ!

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು, ಊಟದ ಮೇಜಿನಲ್ಲಿ ಕುಳಿತಾಗ ಸಭ್ಯ ಹೆಣ್ಣುಮಕ್ಕಳು ಗ್ಯಾಸಿನ ಮಾತೆತ್ತಬಾರದು ಎಂದು ಹೇಳಿಕೊಟ್ಟಿದ್ದರು. ಭಾವನ ಊಟದ ಮೇಜಿನಲ್ಲಿ ಬೇರೆ ಮಾತೇ ಇಲ್ಲವಾಯಿತು.

ಅಕ್ಕ ಒಪ್ಪಲಿಲ್ಲ. ಹೇಗೆ ಒಪ್ಪಿಯಾಳು? ದೆಹಲಿಯ ಕನ್ನಡದ ಮನೆಗಳಲ್ಲಿ ಅವಳ ಸಾರಿನ ಪುಡಿಗೆ ಇರುವ ಮರ್ಯಾದೆ ಎಷ್ಟೋ ಅಧಿಕಾರಿಗಳಿಗಿಲ್ಲ. ರಾಯಭಾರಿಗಳಿರುವ ಚಾಣಕ್ಯಪುರಿಯ ಕಡೆಯಿಂದ ದೊಡ್ಡ ದೊಡ್ಡ ಕಾರುಗಳು ಅದರ ಒಂದು ಡಬ್ಬಿಗಾಗಿ ಯಮುನೆ ದಾಟಿ ಬಂದಿವೆ.

"ಉರಿಯೇ ಕಾಣದೆ ಹುರಿಯೋದು ಹೇಗೇ?" ಎಂದು ಅಕ್ಕ ನನಗೆ ಫೋನು ಮಾಡಿದಳು. "ಒಲೆ ಹೋದ್ರೆ ಪುಡಿ ಹೋಯ್ತು. ಪುಡಿ ಹೋದ್ಮೇಲೆ ನಾನ್ಯಾರು? ಯಾರೋ ಒಬ್ಬಳು ಮುದುಕಿ!"

ಅಂದಿನಿಂದ ನಾನು ಅಕ್ಕನ ವಕೀಲೆ. ಸ್ಕೂಲಿನಲ್ಲಿ ಡಿಬೇಟಿಗೆ ಕಪ್ಪು ಗೆದ್ದವಳು ನಾನು. ಒಬ್ಬ ರಿಟೈರ್ಡ್ ಬಾಬುವಿಗೆ ಹೆದರುತ್ತೇನೆಯೇ?

ಭಾವ ತಮಗೆ ತಿಳಿದ ದಾರಿಯಲ್ಲೇ ಯುದ್ಧ ಆರಂಭಿಸಿದರು. ಒಂದು ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿನ ಮೇಲೆ ಟೈಪು ಮಾಡಿದ ಆಫೀಸ್ ಮೆಮೊ ಕಾಣಿಸಿಕೊಂಡಿತು. "ವಿಷಯ: ಗ್ಯಾಸ್ ಒಲೆಯನ್ನು ಹಂತ ಹಂತವಾಗಿ ಕೈಬಿಡುವ ಬಗ್ಗೆ." ಕೆಳಗೆ ಒಂಬತ್ತು ಪ್ಯಾರಾ. ಪ್ರತಿ, ಕಿದ್ವಾಯಿ ನಗರದ ನನಗೆ, ಮಾಹಿತಿಗಾಗಿ! ಅಕ್ಕನೇನು ಕಡಿಮೆಯೇ? ಐವತ್ತು ವರ್ಷ ಬಾಬುವಿನ ಹೆಂಡತಿಯಾಗಿದ್ದವಳು. ಸಂಜೆಯೊಳಗೆ ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿ ಬಿದ್ದಿತ್ತು: "ನೋಡಲಾಗಿದೆ. ಕಾಫಿಯನ್ನು ಹಂತ ಹಂತವಾಗಿ ಕೈಬಿಡುವ ಬಗ್ಗೆಯೂ ಪರಿಶೀಲಿಸಬಹುದು."

ಮೆಮೊ ಅಂದೇ ವಾಪಸಾಯಿತು.

ಆದರೆ ಮೀಥೇನು ವಾಪಸಾಗಲಿಲ್ಲ. ಮುಂದಿನ ಭಾನುವಾರ ಭಾವ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಚೀಲ. ಹಣ್ಣಿರಬಹುದೆಂದು ನಾನು ಆಸೆಯಿಂದ ಇಣುಕಿದರೆ ಒಳಗೆ ಶೇವಿಂಗ್ ಬ್ರಷ್ಷು, ಸೋಪಿನ ಬಟ್ಟಲು! ನೇರ ಅಡುಗೆಮನೆಗೆ ನಡೆದರು, ನೊರೆ ಎಬ್ಬಿಸಿದರು, ನಮ್ಮ ಗ್ಯಾಸ್ ಪೈಪಿಗೆ ಮೇಲಿಂದ ಕೆಳಗಿನವರೆಗೆ ಬಳಿಯತೊಡಗಿದರು. ಗುಳ್ಳೆ ಬಂದರೆ ಅಲ್ಲಿ ಸೋರಿಕೆ ಎಂದು ಲೆಕ್ಕ. ಆ ಹೊತ್ತಿಗೇ ನನ್ನ ಮಗಳ ಆಫೀಸಿನ ದೊಡ್ಡ ಮೇಡಂ ಚಹಾಕ್ಕೆ ಬರಬೇಕೇ? ನನ್ನ ಮಗಳಿಗೆ ನೆಲ ಬಿರಿಯಬಾರದೇ ಅನ್ನಿಸಿರಬೇಕು.

"ಅಂಕಲ್ ಕ್ಯಾ ಕರ್ ರಹೇ ಹೈಂ?" ಎಂದರು ಮೇಡಂ.

"ಶೇವಿಂಗ್" ಎಂದೆ ನಾನು. ಇನ್ನೇನು ಹೇಳಲಿ, ಮೈ ಡಿಯರ್?

ಭಾವ ತಿರುಗಿಯೂ ನೋಡದೆ ಇಂಗ್ಲಿಷಿನಲ್ಲಿ ಮೀಥೇನಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಮಗಳ ಪ್ರಮೋಷನ್ನು ಮುಗಿಯಿತೆಂದೇ ನಾವು ತಿಳಿದೆವು. ಆದದ್ದೇ ಬೇರೆ. ಮರು ಭಾನುವಾರ ಮೇಡಂ ಅವರ ಕಾರು ಬಂದು ಭಾವನನ್ನು ಬ್ರಷ್ಷಿನ ಸಮೇತ ಅವರ ಬಂಗಲೆಗೆ ಕರೆದೊಯ್ದಿತು!

ಆಮೇಲೆ ಶುರುವಾದದ್ದು ಅಯಸ್ಕಾಂತದ ಕಾಂಡ. ಗ್ಯಾಸಿನ ಬದಲು ಅವರು ತರಬೇಕೆಂದಿದ್ದ ಕರೆಂಟಿನ ಇಂಡಕ್ಷನ್ ಒಲೆಗೆ ಎಲ್ಲ ಪಾತ್ರೆಯೂ ಆಗುವುದಿಲ್ಲವಲ್ಲ, ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಭಾವ ಒಂದು ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡತೊಡಗಿದರು. ಅಕ್ಕನ ಹಿತ್ತಾಳೆ ಪಾತ್ರೆ ಫೇಲ್, ತಾಮ್ರದ್ದು ಫೇಲ್, ಹಿಂಡಾಲಿಯಂ ಬಾಣಲೆ ಫೇಲ್. ದೋಸೆಯ ಕಾವಲಿ ಒಂದು ಫಸ್ಟ್ ಕ್ಲಾಸು. ಇಷ್ಟಕ್ಕೇ ನಿಂತಿದ್ದರೆ ಸರಿ. ನಮ್ಮವರೊಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಪುರೋಹಿತರು ಕಥೆ ಹೇಳುತ್ತಿರುವಾಗ, ಮೆಲ್ಲಗೆ ಎದ್ದು ಪ್ರಸಾದದ ಪಾತ್ರೆಗೇ ಅಯಸ್ಕಾಂತ ಹಿಡಿದರು. ಮನೆಯ ಯಜಮಾನಿ ಕಣ್ಣು ಕಣ್ಣು ಬಿಟ್ಟಳು. ಅಕ್ಕ ಸರಸರನೆ ಬಂದಳು, ಅವರ ಕೈಯಿಂದ ಅಯಸ್ಕಾಂತ ಕಿತ್ತುಕೊಂಡಳು, ಅವರ ಬೋಳು ತಲೆಗೇ ಒತ್ತಿ ನೋಡಿದಳು.

"ಇದೂ ಫೇಲ್ ಕಣ್ರೀ" ಎಂದಳು. "ಇಟ್ಕೊಳ್ಳಲಾ, ಹಳೇ ಪಾತ್ರೆಯವನಿಗೆ ಹಾಕ್ಲಾ?"

ಪುರೋಹಿತರು ನಕ್ಕ ನಗೆಗೆ ಕಥೆ ಎಲ್ಲಿಗೆ ನಿಂತಿತ್ತೆಂಬುದೇ ಅವರಿಗೆ ಮರೆತುಹೋಯಿತು.

ಭಾವನ ಹೌಸಿಂಗ್ ಸೊಸೈಟಿಯಲ್ಲಿ ಒಬ್ಬ ಕರ್ನಲ್ ಸಾಹೇಬರಿದ್ದಾರೆ. ಎದುರು ಫ್ಲ್ಯಾಟಿನವರು. ಚಳಿಗಾಲದ ಬಿಸಿಲಿಗೆ ಲಾನಿನಲ್ಲಿ ಕುರ್ಚಿ ಹಾಕಿ ನಡೆಯುವ ಸಭೆಯಲ್ಲಿ ಇಬ್ಬರಿಗೂ ಕುಸ್ತಿ. "ಆಪ್‌ಕೀ ಬಿಜ್ಲೀ ಕಹಾಂ ಸೇ ಆತೀ ಹೈ, ಸಾಬ್? ಕೋಯ್ಲೇ ಸೇ!" ಎಂದು ಕರ್ನಲ್ ಗುಡುಗಿದರು. ನಿಮ್ಮ ಇಂಡಕ್ಷನ್ನಿನ ಕರೆಂಟು ಬರುವುದೇ ಕಲ್ಲಿದ್ದಲಿನಿಂದ. ಊರಾಚೆ ಕಸದ ಬೆಟ್ಟವೇ ಹಗಲಿರುಳು ಮೀಥೇನು ಉಗುಳುತ್ತಿದೆ. ಡೈರಿಯ ಎಮ್ಮೆಗಳ ತೇಗಿನ ಮುಂದೆ ನಮ್ಮ ಒಲೆ ಯಾವ ಲೆಕ್ಕ, ಎಂಬುದು ಅವರ ವಾದ. ಸೊಸೈಟಿಯವರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕನ ಮನೆಗೆ ಬಂದಿದ್ದ ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ?

ಭಾವ ಎದ್ದು ನಿಂತು ಸ್ವೆಟರ್ ಸರಿಮಾಡಿಕೊಂಡರು. "ಕಸದ ಬೆಟ್ಟ ನನ್ನ ಮಾತು ಕೇಳೋಲ್ಲ. ಎಮ್ಮೆ ಮೊದಲೇ ಕೇಳೋಲ್ಲ. ನನ್ನ ಕೈಲಿ ಇರೋದು ಒಂದೇ ಒಂದು ನಾಬು" ಎಂದು ಹಿಂದಿಯಲ್ಲಿ ಹೇಳಿ ಕೂತುಬಿಟ್ಟರು. ಜಡ್ಜ್ ಆಗಿದ್ದರೆ ಆ ಒಂದು ಮಾತಿಗೆ ನಾನು ಮಾರ್ಕು ಕೊಡುತ್ತಿದ್ದೆ. ಆದರೆ ನಾನು ಎದುರು ಪಕ್ಷದ ವಕೀಲೆ.

ಅದರ ಮರುದಿನವೇ ಇಂಡಕ್ಷನ್ ಒಲೆ ಬಂತು. ಉದ್ಘಾಟನೆಗೆ ಬಿಸಿಬೇಳೆಬಾತು. ಅಕ್ಕ ಮುಖ ದಪ್ಪ ಮಾಡಿಕೊಂಡೇ ಕುಕ್ಕರ್ ಇಟ್ಟಳು. ಒಂದು ವಿಸಿಲ್ ಕೂಗಿತೋ ಇಲ್ಲವೋ, ಕರೆಂಟು ಹೋಯಿತು! ಸೊಸೈಟಿಯ ಜನರೇಟರ್ ಎರಡು ದೀಪ, ಒಂದು ಫ್ಯಾನು ತಡೆದೀತು, ಇಂಡಕ್ಷನ್ ತಡೆದೀತೇ? ಗ್ಯಾಸ್ ಒಲೆ ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟಲು ಭಾವನ ಸ್ವಾಭಿಮಾನ ಬಿಡದು. ಒಂದು ಗಂಟೆ ಕಾದೆವು. ಕೊನೆಗೆ ಹಸಿವೇ ಗೆದ್ದು, ಭಾವ ಕುಕ್ಕರನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಎದುರು ಮನೆಯ ಬೆಲ್ ಒತ್ತಿದರು. ಕರ್ನಲ್ ಬಾಗಿಲು ತೆರೆದರು, ಕುಕ್ಕರ್ ನೋಡಿದರು, ಮಿಲಿಟರಿ ಸೆಲ್ಯೂಟ್ ಹೊಡೆದರು.

"ಆಯಿಯೇ, ಆಯಿಯೇ! ಮೀಥೇನ್ ಹಾಜಿರ್ ಹೈ!"

ಇಷ್ಟಾದ ಮೇಲಾದರೂ ಈ ಮನುಷ್ಯ ಸುಮ್ಮನಾಗುತ್ತಾರೆಂದು ಯಾರಾದರೂ ನಂಬುತ್ತಾರೆ. ಆದರೆ ಹೋದ ತಿಂಗಳು ಅಕ್ಕ ಅಳುತ್ತಾ ಫೋನು ಮಾಡಿದಳು. "ಗ್ಯಾಸ್ ಕಂಪನಿಗೆ ಅರ್ಜಿ ಕೊಟ್ಟುಬಿಟ್ಟಿದಾರೆ ಕಣೇ. ಬುಧವಾರ ಪೈಪಿನ ಬಾಯಿ ಮುಚ್ಚೋಕೆ ಬರ್ತಾರಂತೆ."

ನನಗೆ ರೇಗಿಹೋಯಿತು. ಜೋಕಿಗೂ ಒಂದು ಮಿತಿ ಬೇಡವೇ? ಬುಧವಾರ ಎರಡು ಮೆಟ್ರೋ ಬದಲಿಸಿ, ಇ-ರಿಕ್ಷಾ ಹಿಡಿದು ಹೋದೆ. ನಾನು ತಲುಪುವಷ್ಟರಲ್ಲಿ ಗ್ಯಾಸಿನವನು ಕೆಲಸ ಮುಗಿಸಿ ಹೋಗಿದ್ದ. ಅಕ್ಕ ಯಾರ ಮುಖವನ್ನೂ ನೋಡದೆ ದಿಂಬಿಗೆ ಕವರು ಹಾಕುತ್ತಿದ್ದಳು. ಭಾವನನ್ನು ಬಾಲ್ಕನಿಗೆ ಕರೆದು ಬಾಗಿಲು ಎಳೆದುಕೊಂಡೆ.

"ನಾಚಿಕೆಯಾಗೋಲ್ವೇ ಭಾವ? ಭೂಮಿ ಉಳಿಸೋಕೆ ಹೋಗಿ ನನ್ನ ಅಕ್ಕನ ಪ್ರಾಣ ತೆಗೀತಿದೀರಲ್ಲ!"

"ಮೆಲ್ಲಗೆ ಮಾತಾಡು, ಕಾನ್ವೆಂಟು." ಸಿಟ್ಟಿಲ್ಲದಾಗ ಅವರು ನನ್ನನ್ನು ಕರೆಯುವುದೇ ಹಾಗೆ. "ಹೋದ ವರ್ಷ ಹೋಳಿ ಕಳೆದ ವಾರ ವಾಕಿಂಗ್ ಮುಗಿಸಿ ಬಂದೆನಮ್ಮ. ಲಿಫ್ಟಿಂದ ಇಳೀತಿದ್ದ ಹಾಗೇ ಗ್ಯಾಸಿನ ನಾತ. ಒಳಗೆ ಹೋದ್ರೆ ಹಾಲು ಉಕ್ಕಿ ಉರಿ ಆರಿದೆ, ನಾಬು ತೆಗೆದೇ ಇದೆ, ಕಿಟಕಿಯೆಲ್ಲ ಮುಚ್ಚಿದೆ. ನಿಮ್ಮಕ್ಕ ಅಲ್ಲೇ ಪಕ್ಕದಲ್ಲಿ ನಿಂತು ಹಾಡು ಹೇಳ್ತಾ ಹುರಳೀಕಾಯಿ ಹೆಚ್ತಾ ಇದ್ಲು."

ಬಾಲ್ಕನಿಯ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನಾನು ತಿರುಗಿ ನೋಡಿದೆ.

"ಎರಡು ವರ್ಷದ ಹಿಂದೆ ಜ್ವರ ಬಂದಿತ್ತಲ್ಲ, ಆಗಿಂದ ಅವಳಿಗೆ ವಾಸನೆ ಗೊತ್ತಾಗೋಲ್ಲ. ಯಾರಿಗೂ ಹೇಳಿಲ್ಲ. ನನಗೂ ಹೇಳಿಲ್ಲ. 'ವಾಸನೆ ಬರ್ಲಿಲ್ವೇನೇ?' ಅಂದ್ರೆ, 'ಬಂತು, ಈಗ ತಾನೇ ಆರಿಸ್ತಿದ್ದೆ' ಅಂದ್ಲು. ನಿನಗೆ ಅಪಾಯ, ಒಲೆ ಬೇಡ ಅಂದಿದ್ರೆ ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗ್ತಿತ್ತು. ಅದಕ್ಕೇ ನೆಪಾನ ಭೂಮಿ ಮೇಲೆ ಹಾಕ್ದೆ."

"ಅಂದ್ರೆ ಈ ಮೀಥೇನು, ಬ್ರಷ್ಷು, ಅಯಸ್ಕಾಂತ... ಎಲ್ಲಾ ಸುಳ್ಳೇ?"

"ಅಯ್ಯೋ, ಅಲ್ಲಮ್ಮ!" ಭಾವನಿಗೆ ನಿಜಕ್ಕೂ ನೋವಾಯಿತು. "ಸುಳ್ಳು ಗಟ್ಟಿಯಾಗಿರ್ಲಿ ಅಂತ ಓದೋಕೆ ಶುರುಮಾಡ್ದೆ. ಓದ್ತಾ ಓದ್ತಾ ಎಲ್ಲಾ ನಿಜಾನೇ ಅಂತ ಗೊತ್ತಾಯ್ತು. ಈಗ ಎರಡು ಚಿಂತೆ ನನಗೆ."

ಹಿಂದಿನ ಸಲ ಅಕ್ಕ ಕಳಿಸಿದ ಪುಡಿ ಕಹಿಯಾಗಿದ್ದದ್ದು ನನಗೆ ಆಗ ನೆನಪಾಯಿತು. ಸಾರಿಗೆ ಬೆಲ್ಲ ಹಾಕಿ ಹೇಗೋ ಮುಗಿಸಿದ್ದೆ. ಫೋನಿನಲ್ಲಿ "ಸೂಪರ್ಬ್, ಅಕ್ಕ" ಎಂದಿದ್ದೆ. ನಮ್ಮೆಲ್ಲರ ಹೊಗಳಿಕೆಯನ್ನೂ ಅವಳು ಹೇಗೆ ಕೇಳಿಸಿಕೊಂಡಿರಬಹುದು?

ಒಳಗೆ ಪಾತ್ರೆಯ ಸದ್ದಾಯಿತು. ಅಕ್ಕ ದಿಂಬು ಬಿಟ್ಟು ಎದ್ದು, ಹೊಸ ಕಬ್ಬಿಣದ ಬಾಣಲೆಯನ್ನು ಇಂಡಕ್ಷನ್ ಮೇಲೆ ಇಟ್ಟು, ಕೊತ್ತಂಬರಿ ಬೀಜ ಸುರಿದಿದ್ದಳು. ಭಾವ ನನ್ನನ್ನು ಅಲ್ಲಿಯೇ ಬಿಟ್ಟು ಓಡಿದರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಶುರುಮಾಡಿಯೇಬಿಟ್ಟರು.

"ನೋಡೇ, ಕಾರ್ಬನ್ ಡೈಆಕ್ಸೈಡಿಗಿಂತ ಮೀಥೇನು ಬಲು ಜೋರು, ಆದ್ರೆ ಬೇಗ ಕರಗುತ್ತೆ, ಅದೇ ಸಮಾಧಾನ... ಆಹಾ, ಕೊತ್ತಂಬರಿ ಈಗ ಘಮ್ ಅಂತು... ಹಾಗಾಗಿ ಇವತ್ತು ನಿಲ್ಲಿಸಿದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ... ಸಾಕು, ಸಾಕು, ತೆಗಿ... ಹಿಮಾಲಯದ ಮಂಜು ಒಂದಿಷ್ಟು ಉಳಿಯುತ್ತೆ. ಮಂಜು ಕರಗಿದ್ರೆ ಈ ಯಮುನೆ..."

"ಸಾಕು" ಎಂದಾಗ ಅಕ್ಕ ಬಾಣಲೆ ಇಳಿಸಿದ್ದಳು. ಜೀರಿಗೆಗೂ ಹಾಗೆಯೇ, ಮೆಣಸಿಗೂ ಹಾಗೆಯೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಗೋಡೆಗೆ ಒರಗಿ, ಒಂದು ವರ್ಷದಲ್ಲಿ ಮೊದಲ ಸಲ, ಭಾವನ ಭಾಷಣವನ್ನು ಅಡ್ಡಬಾಯಿ ಹಾಕದೆ ಕೇಳಿದೆ.

ಒಮ್ಮೆ ಭಾವ ಉಸಿರು ತೆಗೆದುಕೊಳ್ಳಲು ನಿಂತರು. ಅಕ್ಕ ಸೆರಗಿನಿಂದ ಹಣೆ ಒರೆಸಿಕೊಂಡು, ಬೆನ್ನು ತಿರುಗಿಸಿಯೇ ಹೇಳಿದಳು:

"ಯಾಕ್ರೀ ನಿಲ್ಲಿಸಿದ್ರಿ? ಯಮುನೆಗೆ ಏನಾಗುತ್ತೆ ಹೇಳಿ. ಇನ್ನೂ ಮೆಂತ್ಯ ಹುರಿಯೋದಿದೆ."