ಉಗ್ರಪ್ಪನವರಿಗೆ ಒಂದು ಮಾತು

ಬೆಳಗಿನ ಗಾಡಿ ಬೀರೂರು ಸ್ಟೇಷನ್ನಿನಲ್ಲಿ ಹನ್ನೊಂದು ನಿಮಿಷ ನಿಂತಿತು. ಆ ಹನ್ನೊಂದು ನಿಮಿಷದಲ್ಲಿ ಉಗ್ರಪ್ಪನವರು ಐದೇ ಐದು ಜನಕ್ಕೆ ಕುಡಿಯುವ ನೀರು ಕೊಟ್ಟರು. ತೀರ್ಥಪ್ಪನ ತೊಂದರೆ ಶುರುವಾದದ್ದು ಅಲ್ಲಿಂದ.

ಎಂಬತ್ತಮೂರರ ಬೇಸಿಗೆ. ಗಾಡಿಯಿಂದ ಇಳಿದು ನಲ್ಲಿಗೆ ಓಡಲಾರದ ಮುದುಕರಿಗೆ, ಕೂಸು ಹೊತ್ತ ಹೆಂಗಸರಿಗೆ ಕಿಟಕಿಯ ಹತ್ತಿರವೇ ನೀರು ಕೊಡೋಣವೆಂದು ಊರಿನ ಐದಾರು ಮಂದಿ ಸೇರಿ ‘ನೀರಿನ ಬಳಗ’ ಕಟ್ಟಿಕೊಂಡು ಮೂರು ವರ್ಷವಾಗಿತ್ತು. ಸಂಬಳವಿಲ್ಲ, ಭತ್ಯೆಯಿಲ್ಲ; ಬಿಸಿಲು ಮಾತ್ರ ಪುಕ್ಕಟೆ. ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ತೀರ್ಥಪ್ಪ ಅದರ ಕಾರ್ಯದರ್ಶಿ. ಅವನನ್ನು ಕಾರ್ಯದರ್ಶಿ ಮಾಡಿದ ಸಭೆಗೆ ಅವನು ಹೋಗಿರಲಿಲ್ಲ. ಮಾಡಿದ್ದಕ್ಕೆ ಕಾರಣವೂ ಅದೇ.

ಉಗ್ರಪ್ಪನವರಿಗೆ ಅರವತ್ತೈದು ವರ್ಷ. ಒಂದು ಕಾಲದಲ್ಲಿ ಕೊಬ್ಬರಿ ವ್ಯಾಪಾರಕ್ಕೆಂದು ಕಡೂರು, ಅಜ್ಜಂಪುರ, ತರೀಕೆರೆ ಸುತ್ತಿನ ಹಳ್ಳಿಹಳ್ಳಿ ತಿರುಗಿದವರು. ಯಾವ ಊರಿನ ಹೆಸರು ಹೇಳಿದರೂ ಅಲ್ಲಿ ಅವರಿಗೆ ಗೊತ್ತಿದ್ದವರೊಬ್ಬರು ಇದ್ದೇ ಇರುತ್ತಿದ್ದರು. ಕಿಟಕಿಯಿಂದ ಬೊಗಸೆ ಚಾಚಿದವರಿಗೆ ಅವರು ಮೊದಲು ನೀರು ಹಾಕುತ್ತಿರಲಿಲ್ಲ. ಯಾವೂರು ಎನ್ನುತ್ತಿದ್ದರು. ಶಿವನಿ ಎಂದರೆ ಶಿವನಿಯಲ್ಲಿ ಯಾರ ಪೈಕಿ ಎನ್ನುತ್ತಿದ್ದರು. ಆಮೇಲೆ ಆ ಪೈಕಿಯವರ ಮಂಡಿನೋವು ವಾಸಿಯಾಯಿತೇ, ಕರೀ ಎಮ್ಮೆ ಈದಿತೇ, ತಮ್ಮನ ಹತ್ತಿರ ಮಾತು ಬಿಟ್ಟಿದ್ದರಲ್ಲ, ಈಗ ಸರಿಹೋದರೇ. ಅಷ್ಟು ಹೊತ್ತೂ ಚೊಂಬು ಅವರ ಕೈಯಲ್ಲಿ ಫೋಟೋ ತೆಗೆಸಿಕೊಳ್ಳುವವರ ಹಾಗೆ ಅಲ್ಲಾಡದೆ ನಿಂತಿರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಐದನೆಯವನ ಎಮ್ಮೆಯ ವಿಚಾರ ಮುಗಿಯುವಷ್ಟರಲ್ಲಿ ಗಾಡಿ ಹೊರಟಿತು. ಪಕ್ಕದ ಕಿಟಕಿಯಲ್ಲಿ ಒಬ್ಬ ಮುದುಕಿ ಬೊಗಸೆ ಹಿಡಿದು ಕಾಯುತ್ತಿದ್ದಳು. ಖಾಲಿ ಬೊಗಸೆ ಹಾಗೇ ತೀರ್ಥಪ್ಪನ ಮುಖದ ಮುಂದೆ ಹಾದುಹೋಯಿತು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಮುದುಕಿ ಬೈಯಲಿಲ್ಲ, ಇನ್ನೂ ನೀರು ಬಂದೀತು ಎನ್ನುವಂತೆ ತಿರುವು ದಾಟುವತನಕ ಕೈ ಹೊರಗೇ ಇಟ್ಟುಕೊಂಡಿದ್ದಳು.

ಉಗ್ರಪ್ಪನವರಿಗೆ ಇದನ್ನು ಹೇಳಲೇಬೇಕು. ಆದರೆ ಬಳಗ ಕೊಡುತ್ತಿದ್ದ ನೀರು ಉಗ್ರಪ್ಪನವರ ಬಾವಿಯದು. ಸ್ಟೇಷನ್ನಿನ ಬೇಲಿಗೆ ಅಂಟಿಕೊಂಡ ಅವರ ಹಿತ್ತಲಲ್ಲಿ ಸಿಹಿನೀರಿನ ಬಾವಿ ಇತ್ತು. ಅವರು ಮುನಿಸಿಕೊಂಡು ಹಿತ್ತಲ ಬಾಗಿಲು ಹಾಕಿಕೊಂಡರೆ ಬಳಗದ ಹೆಸರಿನಲ್ಲಿ ಬಳಗ ಮಾತ್ರ ಉಳಿಯುತ್ತಿತ್ತು.

ತೀರ್ಥಪ್ಪ ಅಧ್ಯಕ್ಷರ ಮನೆಗೆ ಹೋದ. ಅಧ್ಯಕ್ಷರು ಹಿದಾಯತುಲ್ಲಾ ಮೇಷ್ಟ್ರು, ಮೂವತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಅವರು ಟೀ ತರಿಸಿ, ತಾವು ಇಡೀ ಜೀವಮಾನ ಪಾಲಿಸಿದ ಸೂತ್ರವೊಂದನ್ನು ಹೇಳಿಕೊಟ್ಟರು. ಒಳ್ಳೆಯದನ್ನು ನಾಲ್ಕು ಜನರ ಎದುರಿಗೆ ಹೇಳಬೇಕು, ತಪ್ಪನ್ನು ಒಬ್ಬರೇ ಇದ್ದಾಗ ಹೇಳಬೇಕು, ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಕೈ ಹಾಕಬಾರದು. ಹೀಗೆ ಮಾಡಿದರೆ ಎದುರಿನವನಿಗೆ ಪೆಟ್ಟು ಬಿದ್ದದ್ದೇ ಗೊತ್ತಾಗುವುದಿಲ್ಲ ಎಂದರು. ಸೂತ್ರ ತೀರ್ಥಪ್ಪನಿಗೆ ಬಹಳ ಹಿಡಿಸಿತು. ಮೇಷ್ಟ್ರೇ ಬಂದು ಹೇಳಬಹುದಲ್ಲ ಎಂದು ಕೇಳಿದ್ದಕ್ಕೆ ಅವರು ಟೀ ಆರುತ್ತದೆ ಕುಡಿ ಎಂದರು.

ಹತ್ತೂವರೆಯ ಗಾಡಿಗೆ ಮುಂಚೆ ಟೀ ಅಂಗಡಿಯ ಮುಂದೆ ಬಳಗದವರೆಲ್ಲ ಸೇರಿದ್ದರು. ಬೇರೆ ಜನವೂ ಇದ್ದರು. ತೀರ್ಥಪ್ಪ ಎದ್ದು ನಿಂತ. ಹೊಗಳಬೇಕು, ಸರಿ, ಯಾವುದನ್ನು ಹೊಗಳುವುದು? ನೀರು ಹಾಕುವುದನ್ನು ಹೊಗಳುವಂತಿಲ್ಲ, ಹಾಕಿದ್ದೇ ಐದು ಜನಕ್ಕೆ. ಹುಡುಕಿ ಹುಡುಕಿ ಅವನಿಗೆ ಸಿಕ್ಕಿದ್ದು ಒಂದೇ.

“ನಮ್ಮ ಉಗ್ರಪ್ಪಣ್ಣನ ಹಾಗೆ ಪ್ರಯಾಣಿಕರನ್ನ ಬಾಯ್ತುಂಬ ಮಾತಾಡಿಸೋರು ಈ ಲೈನಿನಲ್ಲೇ ಇನ್ನೊಬ್ಬರಿಲ್ಲ,” ಎಂದ.

ಜನ ಚಪ್ಪಾಳೆ ತಟ್ಟಿದರು. ಉಗ್ರಪ್ಪನವರು ಹೆಗಲ ಮೇಲಿನ ವಲ್ಲಿ ತೆಗೆದು ಕಣ್ಣೊರೆಸಿಕೊಂಡರು. ಈಗ ಪಕ್ಕಕ್ಕೆ ಕರೆದು ಎರಡನೆಯದನ್ನು ಹೇಳಬೇಕು ಎನ್ನುವಷ್ಟರಲ್ಲಿ ಗಾಡಿ ಬಂದುಬಿಟ್ಟಿತು.

ಹೊಗಳಿಕೆ ತಲೆಗೇರಿದ ಉಗ್ರಪ್ಪನವರು ಆ ಸಲ ಪ್ರಯಾಣಿಕರ ಅಜ್ಜಂದಿರ ತನಕ ಹೋದರು. ಅಜ್ಜಂಪುರದ ಒಬ್ಬರಿಗಂತೂ, ನಮ್ಮ ಕಾರ್ಯದರ್ಶಿಗಳು ಈಗಿನ್ನೂ ಏನು ಹೇಳಿದರು ಗೊತ್ತೇ ಎಂದು ಭಾಷಣವನ್ನೆಲ್ಲ ಒಪ್ಪಿಸಿದರು. ಮೂರು ಜನಕ್ಕೆ ನೀರು ಸಿಕ್ಕಿತು. ತೀರ್ಥಪ್ಪ ಗಡಿಯಾರ ನೋಡಿಕೊಂಡ. ತಲೆಗೆ ಮೂರು ನಿಮಿಷ ಬಿದ್ದಿತ್ತು.

ಅಷ್ಟರಲ್ಲಿ ಬಳಗದ ಪ್ರೇಮಮ್ಮನವರು ತಮ್ಮ ಚೊಂಬನ್ನು ಬೆಂಚಿನ ಮೇಲೆ ಕವುಚಿ ಇಟ್ಟು ಕೂತಿದ್ದರು. ಅವರು ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಸಾಲಾಗಿ ನಿಂತ ಮಕ್ಕಳಿಗೆ ಸೂಜಿ ಚುಚ್ಚಿಕೊಂಡು ಹೋಗುವ ಹಾಗೆ ಕಿಟಕಿಯಿಂದ ಕಿಟಕಿಗೆ ಹೋಗಿ ಒಂದು ಗಾಡಿಗೆ ಅರವತ್ತು ಜನಕ್ಕೆ ನೀರು ಕೊಡುತ್ತಿದ್ದರು. ತೀರ್ಥಪ್ಪ ಯಾಕಮ್ಮ ಎಂದು ಕೇಳಿದ. ತನಗೆ ಬಾಯ್ತುಂಬ ಮಾತಾಡಲು ಬರುವುದಿಲ್ಲ, ಬರೋರೇ ಮಾಡಲಿ ಎಂದರು.

ಒಬ್ಬರನ್ನು ಹೊಗಳಿದ ಮೇಲೆ ಉಳಿದವರನ್ನೂ ಹೊಗಳದೆ ವಿಧಿಯಿಲ್ಲವೆಂದು ತೀರ್ಥಪ್ಪನಿಗೆ ಹೊಳೆಯಿತು. ಹನ್ನೆರಡರ ಗಾಡಿಗೆ ಮುಂಚೆ ಮತ್ತೆ ಟೀ ಅಂಗಡಿಯ ಮುಂದೆ ನಿಂತು ಪ್ರೇಮಮ್ಮನವರ ಚುರುಕುತನವನ್ನು ಕೊಂಡಾಡಿದ. ಪ್ರೇಮಮ್ಮನವರು ಅವನ ಮುಖವನ್ನು ಜ್ವರ ನೋಡುವವರ ಹಾಗೆ ನೋಡಿದರು.

“ಮೂರು ಬೇಸಿಗೆ ಆಯ್ತು ತೀರ್ಥಪ್ಪ. ಇವತ್ತು ಉಗ್ರಪ್ಪನೋರನ್ನ ಹೊಗಳಿದ ಮೇಲೆ ನಾನು ಕಣ್ಣಿಗೆ ಬಿದ್ನಾ?”

ಅವನು ಗಡಿಬಿಡಿಯಲ್ಲಿ, ಅಲ್ಲೇ ಬಿಂದಿಗೆ ಇಳಿಸುತ್ತಿದ್ದ ಕೆಂಚಪ್ಪನನ್ನೂ ಹೊಗಳಿಬಿಟ್ಟ. ಕೆಂಚಪ್ಪ ಸ್ಟೇಷನ್ನಿನಲ್ಲಿ ಲಗೇಜು ಹೊರುವವನು. ಬಿಡುವಿನಲ್ಲಿ ಬಾವಿಯಿಂದ ಪ್ಲಾಟ್‌ಫಾರಮಿಗೆ ಬಿಂದಿಗೆ ಹೊತ್ತು ತರುತ್ತಿದ್ದ. ಒಂದು ಹನಿ ತುಳುಕದ ಹಾಗೆ ತರುತ್ತಾನೆ ಎಂದು ತೀರ್ಥಪ್ಪ ಹೇಳಿದ್ದೇ ತಡ, ಕೆಂಚಪ್ಪನ ಮುಖ ಬಿಳಿಚಿಕೊಂಡಿತು. ಮೂವತ್ತು ವರ್ಷ ಸ್ಟೇಷನ್ನಿನಲ್ಲಿದ್ದವನು ಅವನು. ಯಾರಿಗಾದರೂ ವರ್ಗವಾದಾಗ ಮಾತ್ರ ಜನ ಹೀಗೆ ಎದ್ದು ನಿಂತು ಹೊಗಳುವುದನ್ನು ನೋಡಿದ್ದ.

“ನನ್ನ ಬುಟ್ಬುಡ್ತೀರಾ ಸ್ವಾಮಿ?” ಎಂದು ಮೆಲ್ಲಗೆ ಕೇಳಿದ. ಇಲ್ಲ ಕಣಯ್ಯ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಆ ಹೆದರಿಕೆಯಲ್ಲಿ ಮುಂದಿನ ಬಿಂದಿಗೆಯನ್ನು ಅರ್ಧ ತುಳುಕಿಸಿಕೊಂಡು ಬಂದ.

ಮಧ್ಯಾಹ್ನ ತೀರ್ಥಪ್ಪ ಗಟ್ಟಿಮನಸ್ಸು ಮಾಡಿ ಉಗ್ರಪ್ಪನವರ ಮನೆಗೇ ಹೋದ. ಒಬ್ಬರೇ ಇದ್ದಾಗ ಹೇಳಬೇಕೆಂದು ಸೂತ್ರ; ಆದರೆ ಅವರ ಹೆಂಡತಿ ದ್ಯಾಮಮ್ಮ ಮಜ್ಜಿಗೆ ತಂದುಕೊಟ್ಟು ಅಲ್ಲೇ ಕಂಬಕ್ಕೆ ಒರಗಿ ಕೂತರು. ನಿಮ್ಮಣ್ಣನ ಬಗ್ಗೆ ಏನೋ ಹೇಳಿದೆಯಂತೆ, ಇನ್ನೊಂದು ಸಲ ಹೇಳಪ್ಪ, ನಾನು ಕೇಳಿಲ್ಲ ಎಂದರು. ಹೇಳಿದ. ಉಗ್ರಪ್ಪನವರು ಪಕ್ಕದ ಮನೆಯವರನ್ನೂ ಕೂಗಿ ಕರೆದರು. ಅವರಿಗೂ ಹೇಳಿದ. ಮೂರನೆಯ ಸಲ ಹೇಳುವಾಗ ಅವನಿಗೇ ಅದು ನಿಜವಿರಬಹುದೇನೋ ಅನ್ನಿಸತೊಡಗಿತು.

ಕೊನೆಗೆ ಕೈ ತೊಳೆಯುವ ನೆಪದಲ್ಲಿ ಉಗ್ರಪ್ಪನವರನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಯಾರೂ ಇರಲಿಲ್ಲ.

“ಅಣ್ಣ, ಒಂದ್ ಸಣ್ಣ ಮಾತು. ಯಾರ ಹತ್ರಾನೂ ಹೇಳ್ಬೇಡಿ. ನಮ್ಮಲ್ಲಿ ಕೆಲವರದ್ದು... ನೀರು ಕೊಡೋದು ವಸಿ ನಿಧಾನ ಆಗ್ತೈತೆ.”

ಉಗ್ರಪ್ಪನವರು ಬಹಳ ಹೊತ್ತು ತಲೆದೂಗಿದರು.

“ನಂಗೂ ಹಂಗೇ ಅನ್ನಿಸ್ತಿತ್ತು ಕಣಪ್ಪಾ. ನೀನು ಸಂಕೋಚದ ಮನುಷ್ಯ, ನಿನ್ ಕೈಲಿ ಆಗಲ್ಲ. ನಾನು ಹೇಳ್ತೀನಿ ಬಿಡು.”

ಅವರು ನೆಟ್ಟಗೆ ಪ್ರೇಮಮ್ಮನವರ ಮನೆಗೆ ಹೋಗಿ, ತಾಯಿ, ಕೈ ಸ್ವಲ್ಪ ಚುರುಕು ಮಾಡಬೇಕಂತೆ, ಕಾರ್ಯದರ್ಶಿಗಳು ಹೇಳಿ ಕಳಿಸಿದಾರೆ ಎಂದರು.

ನಾಲ್ಕು ಗಂಟೆಗೆ ಶಾಲೆಯ ಜಗಲಿಯಲ್ಲಿ ವಾರದ ಸಭೆ. ಪ್ರೇಮಮ್ಮನವರು ರಾಜೀನಾಮೆ ಬರೆದುಕೊಂಡೇ ಬಂದಿದ್ದರು. ಅರವತ್ತು ಜನಕ್ಕೆ ಕೊಡುವವಳು ನಿಧಾನವಾದರೆ ಚುರುಕು ಅಂದರೇನು ಎಂದು ಕೇಳಿದರು. ಬೆಳಿಗ್ಗೆ ಎಲ್ಲರೆದುರು ಕೊಂಡಾಡಿ ಮಧ್ಯಾಹ್ನ ಬೇರೆಯವರ ಕೈಲಿ ಬೈಸುವುದು ಯಾವ ಊರಿನ ರೀತಿ ಎಂದರು. ಕೆಂಚಪ್ಪ, ತನ್ನನ್ನು ತೆಗೆಯುವುದಾದರೆ ಈಗಲೇ ಹೇಳಿಬಿಡಿ, ಬೇರೆ ಬಿಂದಿಗೆ ನೋಡಿಕೊಳ್ಳುತ್ತೇನೆ ಎಂದ. ಉಗ್ರಪ್ಪನವರು ಇಬ್ಬರಿಗೂ ಸಮಾಧಾನ ಹೇಳುತ್ತ, ತೀರ್ಥಪ್ಪ ಏನು ಹೇಳಿದರೂ ನಮ್ಮ ಒಳ್ಳೆಯದಕ್ಕೇ ಹೇಳುತ್ತಾನೆ, ಬೇಜಾರು ಮಾಡಿಕೊಳ್ಳಬಾರದು ಎಂದರು. ಮೇಷ್ಟ್ರು ಮಾಡಿನ ಹೆಂಚು ಎಣಿಸುತ್ತ ಕೂತಿದ್ದರು.

ತೀರ್ಥಪ್ಪನ ತಾಳ್ಮೆ ಅಲ್ಲಿಗೆ ಮುಗಿಯಿತು. ಸೂತ್ರ ಮರೆತು, ಬಾವಿ ಮರೆತು ಎದ್ದು ನಿಂತ.

“ನಿಧಾನ ನೀವು ಉಗ್ರಪ್ಪಣ್ಣ. ಬೇರೆ ಯಾರೂ ಅಲ್ಲ. ಬೆಳಿಗ್ಗೆ ನೀವು ಎಮ್ಮೆ ವಿಷ್ಯ ಮಾತಾಡ್ತಿದ್ರಿ, ಪಕ್ಕದ ಕಿಟಕೀಲಿ ಒಂದ್ ಮುದುಕಿ ಕೈಯೊಡ್ಕೊಂಡು ಕಾದು ಕಾದು ಹಂಗೇ ಹೋದ್ಲು. ಬಾಯಾರಿದೋರಿಗೆ ನೀರು ಬೇಕು, ನೆಂಟಸ್ತಿಕೆ ಅಲ್ಲ.”

ಉಗ್ರಪ್ಪನವರು ತಲೆ ತಗ್ಗಿಸಿ ಕೂತರು. ತೀರ್ಥಪ್ಪನ ಮನಸ್ಸಿನಲ್ಲಿ ಹಿತ್ತಲ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು.

“ಅದು ನನ್ ಗಮನಕ್ಕೇ ಬರಲಿಲ್ಲ ಕಣಪ್ಪಾ,” ಎಂದರು ಉಗ್ರಪ್ಪನವರು. “ಇಷ್ಟು ದಿನ ಯಾರಾನಾ ಒಬ್ರು ಹೇಳ್ಬಾರ್ದಾ? ಇನ್ಮೇಲೆ ಪ್ಲಾಟ್‌ಫಾರಂ ಮೇಲೆ ನಾನು ಬಾಯಿ ಬಿಟ್ರೆ ಕೇಳು. ಬಾವಿಗೇನು, ಅದು ಅಲ್ಲೇ ಇರ್ತೈತೆ.”

ಪ್ರೇಮಮ್ಮನವರು ರಾಜೀನಾಮೆಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಮೇಷ್ಟ್ರು, ನೋಡಿದೆಯಾ ನನ್ನ ಸೂತ್ರ ಎಂದು ತೀರ್ಥಪ್ಪನ ಬೆನ್ನು ತಟ್ಟಿದರು. ತೀರ್ಥಪ್ಪನಿಗೆ ನಿಂತುಹೋಗಿದ್ದ ದೊಡ್ಡ ಗಡಿಯಾರವೊಂದು ತನ್ನ ಕೈಯಲ್ಲಿ ಟಿಕ್ ಅಂದ ಹಾಗಾಯಿತು.

ಆರು ಗಂಟೆಯ ಗಾಡಿ ಬಂತು. ಉಗ್ರಪ್ಪನವರು ತುಟಿ ಬಿಗಿದುಕೊಂಡು ಕಿಟಕಿಯಿಂದ ಕಿಟಕಿಗೆ ಸಾಗಿದರು. ಆರು ನಿಮಿಷದಲ್ಲಿ ಮೂವತ್ತೆಂಟು ಜನ. ತೀರ್ಥಪ್ಪ ಎಣಿಸಿ ಎಣಿಸಿ ಹಿಗ್ಗಿದ. ಮೂವತ್ತೊಂಬತ್ತನೆಯವಳು ವಾರಕ್ಕೆರಡು ಸಲ ಆ ಗಾಡಿಯಲ್ಲೇ ಓಡಾಡುವ ಅಜ್ಜಂಪುರದ ಹೆಂಗಸು, ಶಂಕರಮ್ಮ. ಅವಳು ಬೊಗಸೆ ಹಿಂದಕ್ಕೆ ತೆಗೆದುಕೊಂಡಳು.

“ಯಾಕಜ್ಜ ಮಾತಾಡಲ್ಲ? ಮನೇಲಿ ಏನಾರಾ ಆಯ್ತಾ?”

ಉಗ್ರಪ್ಪನವರು ಇಲ್ಲವೆಂದು ತಲೆಯಾಡಿಸಿ, ತೀರ್ಥಪ್ಪನ ಕಡೆ ಬೆರಳು ತೋರಿಸಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಕೃತಜ್ಞತೆಯೇ. ಆದರೆ ಕಣ್ಣಲ್ಲಿ ನೀರಿತ್ತು.

ಸುದ್ದಿ ಡಬ್ಬಿಯಿಂದ ಡಬ್ಬಿಗೆ ಹಬ್ಬಿತು. ಆ ಗಾಡಿಯ ಅರ್ಧ ಜನಕ್ಕೆ ಉಗ್ರಪ್ಪನವರು ಗೊತ್ತಿದ್ದವರು. ತಂಗಿಯ ಮನೆಯ ಸುದ್ದಿ, ತವರಿನ ಸುದ್ದಿ ಅವರಿಗೆ ಅಂಚೆಗಿಂತ ಮೊದಲು ಬರುತ್ತಿದ್ದದ್ದು ಈ ಚೊಂಬಿನ ಜೊತೆಗೇ. ಹತ್ತಿಪ್ಪತ್ತು ಮಂದಿ ಕೆಳಗಿಳಿದು ಉಗ್ರಪ್ಪನವರನ್ನು ಸುತ್ತುಗಟ್ಟಿದರು. ಗಾರ್ಡೂ ಹಸಿರು ಬಾವುಟ ಕಂಕುಳಲ್ಲಿ ಇಟ್ಟುಕೊಂಡು ಬಂದ. ಅವನ ಅಕ್ಕನನ್ನು ಲಕ್ಕವಳ್ಳಿಗೆ ಕೊಟ್ಟಿತ್ತು; ಹೆರಿಗೆ ಆಯಿತೇ ಇಲ್ಲವೇ ಎಂದು ಅವನಿಗೆ ತಿಳಿಯಬೇಕಿತ್ತು. ಉಗ್ರಪ್ಪನವರು ಬಾಯಿ ಬಿಡಲಿಲ್ಲ. ಗಂಡು ಮಗು ಎನ್ನುವುದನ್ನು ಕೈಸನ್ನೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗಾಡಿ ನಾಲ್ಕು ನಿಮಿಷ ತಡವಾಯಿತು.

ಗಾಡಿ ಹೋದ ಮೇಲೆ ಸ್ಟೇಷನ್ ಮಾಸ್ಟರು ತೀರ್ಥಪ್ಪನನ್ನು ಒಳಗೆ ಕರೆದು ದೂರಿನ ಪುಸ್ತಕ ತೋರಿಸಿದರು. ನೀರಿನ ಬಳಗದ ಕಾರ್ಯದರ್ಶಿಯು ವಯಸ್ಸಾದವರೊಬ್ಬರನ್ನು ಬಾಯಿ ಮುಚ್ಚಿಸಿ ದುಡಿಸಿಕೊಳ್ಳುತ್ತಿದ್ದಾನೆ, ದನಕ್ಕೆ ಕುಡಿಸಿದ ಹಾಗೆ ಮಾತಿಲ್ಲದೆ ನೀರು ಹುಯ್ಯುತ್ತಾರೆ ಎಂದು ಬರೆದು, ಕೆಳಗೆ ಇಪ್ಪತ್ತೇಳು ಜನ ಸಹಿ ಹಾಕಿದ್ದರು. ಮೂವರು ಹೆಬ್ಬೆಟ್ಟು ಒತ್ತಿದ್ದರು. ಮಾಸ್ಟರು ಒಳ್ಳೆಯವರು. ಏಳೂವರೆಯ ಗಾಡಿಯಿಂದ ಜನಕ್ಕೆ ನೀರೂ ಸಿಗಬೇಕು, ಮಾತೂ ಸಿಗಬೇಕು, ಗಾಡಿಯೂ ಹೊತ್ತಿಗೆ ಹೊರಡಬೇಕು, ಇಲ್ಲದಿದ್ದರೆ ನಾಳೆಯಿಂದ ಬಳಗ ಪ್ಲಾಟ್‌ಫಾರಮಿಗೆ ಬರುವುದು ಬೇಡ ಎಂದು ನಯವಾಗಿಯೇ ಹೇಳಿದರು.

ತೀರ್ಥಪ್ಪ ಓಡಿಬಂದು ಉಗ್ರಪ್ಪನವರ ಕೈ ಹಿಡಿದುಕೊಂಡ. ಮಾತಾಡಿ ಅಣ್ಣ, ಒಬ್ಬೊಬ್ಬರಿಗೆ ಎರಡೆರಡು ಮಾತು ಸಾಕು ಎಂದು ಬೇಡಿಕೊಂಡ. ಉಗ್ರಪ್ಪನವರು ಅವನನ್ನು ಪ್ಲಾಟ್‌ಫಾರಂ ದಾಟಿಸಿ, ಬೇಲಿಯಾಚೆ ನಿಂತು ಬಾಯಿ ಬಿಟ್ಟರು.

“ನಾಲ್ಕು ಜನರ ಮುಂದೆ ಕೊಟ್ಟ ಮಾತು ಕಣಪ್ಪಾ, ಹೆಂಗೆ ತಪ್ಪಲಿ? ನಾನು ನೀರು ಹಾಕ್ತೀನಿ. ಮಾತು ನೀನಾಡು.”

ಸುದ್ದಿ ಕೇಳಿ ಬಂದಿದ್ದ ಹಿದಾಯತುಲ್ಲಾ ಮೇಷ್ಟ್ರು ಅಲ್ಲೇ ಅನುಮೋದಿಸಿದರು. ಪ್ರೇಮಮ್ಮನವರು, ಕೆಂಚಪ್ಪ ಇಬ್ಬರೂ ಆ ದಿನ ಮೊದಲ ಸಲ ನಕ್ಕು ಕೈ ಎತ್ತಿದರು. ಠರಾವು ಸರ್ವಾನುಮತದಿಂದ ಪಾಸಾಯಿತು.

ಏಳೂವರೆಯ ಗಾಡಿ ಬಂದು ನಿಂತಿತು. ತೀರ್ಥಪ್ಪನಿಗೆ ಹದಿನಾರು ವರ್ಷದಿಂದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿ ಕೂತು ಗೊತ್ತೇ ಹೊರತು ಯಾರನ್ನೂ ಮಾತಾಡಿಸಿ ಗೊತ್ತಿರಲಿಲ್ಲ. ಅಂಗೈ ಬೆವರನ್ನು ಪಂಚೆಗೆ ಒರೆಸಿಕೊಂಡು ಮೊದಲನೆಯ ಕಿಟಕಿಗೆ ಹೋದ. ಅಲ್ಲಿ ಐವತ್ತರ ಗಂಡಸೊಬ್ಬ ಆಗಲೇ ಬೊಗಸೆ ಒಡ್ಡಿ, ಉಗ್ರಪ್ಪನವರು ಹಾಕಿದ ನೀರನ್ನು ಗಟಗಟನೆ ಕುಡಿಯುತ್ತಿದ್ದ.

“ಯಾವೂರಾಯ್ತು ತಮ್ದು?” ಎಂದು ತೀರ್ಥಪ್ಪ ಸಾಧ್ಯವಾದಷ್ಟು ಅಕ್ಕರೆಯಿಂದ ಕೇಳಿದ.

ಆತ ಕುಡಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದ. ನೀರು ಮೊಣಕೈಯಿಂದ ಇಳಿದು ಹೋಗುತ್ತಿತ್ತು.

“ಇದೇ ಊರು ಕಣ್ರೀ. ನಿಮ್ಮ ಹಿಂದಿನ್ ಬೀದಿ. ಹೋದ್ ತಿಂಗ್ಳು ನಿಮ್ ತಾಯಿ ಬಿದ್ದಾಗ ಆಸ್ಪತ್ರೆಗೆ ಎತ್ಕೊಂಡು ಹೋದೋನು ನಾನೇ.”

ತೀರ್ಥಪ್ಪ ಸಹಾಯಕ್ಕೆಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿದ್ದ ಉಗ್ರಪ್ಪನವರಿಗೆ ಆ ಮನುಷ್ಯನ ಹೆಸರು ಗೊತ್ತಿತ್ತು, ಅವನಪ್ಪನ ಹೆಸರು ಗೊತ್ತಿತ್ತು, ಎಲ್ಲಿಗೆ ಯಾಕೆ ಹೊರಟಿದ್ದಾನೆ ಎನ್ನುವುದೂ ಗೊತ್ತಿತ್ತು. ಅವರು ಕೊಟ್ಟ ಮಾತಿನಂತೆ ತುಟಿ ಬಿಗಿದುಕೊಂಡು, ಚೊಂಬು ತುಂಬಿಸಿಕೊಂಡು ಮುಂದಿನ ಕಿಟಕಿಗೆ ಹೋದರು. ಅಲ್ಲಿ ನಿಂತು, ಬೇಗ ಬಾ ಎಂದು ತೀರ್ಥಪ್ಪನಿಗೆ ಕೈಸನ್ನೆ ಮಾಡಿದರು.