ನಾಗರಾಜನಿಗೆ ಬಿದ್ದ ಹೃದಯಗಳು

ಆ ಐಡಿಯಾವನ್ನು ಮೊದಲು ಹೇಳಿದ್ದು ನಾನೇ ಎಂದು ನಂಬಿದ್ದೆ. ಆದರೆ ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ಎಲ್ಲವನ್ನೂ ಅನುಮಾನಿಸಲು ನನಗೆ ಕಲಿಸಿದ್ದು ವಿಶ್ವವಿದ್ಯಾಲಯ. ಮೊದಲು ದೇವರನ್ನು ಅನುಮಾನಿಸಿದೆ, ಆಮೇಲೆ ಹಾಲಿನವನನ್ನು, ಈಗ ನನ್ನನ್ನೇ. ಅನುಮಾನವೇ ಇಲ್ಲದ್ದು ಒಂದೇ: ನಾಗರಾಜನ ಮೇಲಿನ ಹೊಟ್ಟೆಕಿಚ್ಚು.

ಜಯನಗರದಲ್ಲಿ ಮಕ್ಕಳ ಪುಸ್ತಕ ಮಾಡುವ ನಮ್ಮ ಪುಟ್ಟ ಆಫೀಸಿನಲ್ಲಿ ನಾನು ಬರೆಯುವವನು, ನಾಗರಾಜ ಚಿತ್ರ ಬಿಡಿಸುವವನು. ಕೈ ಚಾಚಿದರೆ ಅವನ ಕುರ್ಚಿ ಸಿಗುತ್ತದೆ. ಆದರೂ ನಾವೆಲ್ಲ ಮಾತಾಡುವುದು ವಾಟ್ಸಾಪ್ ಗ್ರೂಪಿನಲ್ಲೇ. ನಾನು ಒಂದು ಅಲ್ಪವಿರಾಮವೂ ತಪ್ಪದ ಹಾಗೆ ಉದ್ದುದ್ದ ಬರೆದರೆ, ಯಾರೋ ಒಬ್ಬರು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ. ನಾಗರಾಜ ಬೋಂಡಾ ತಿನ್ನುತ್ತಲೇ ಒಂದು ವಾಯ್ಸ್ ಮೆಸೇಜ್ ಬಿಟ್ಟರೆ ಸಾಕು, ಕೆಂಪು ಹೃದಯಗಳ ಸುರಿಮಳೆ.

ಹೊಸ ವಿಜ್ಞಾನ ಪುಸ್ತಕದ ಹೊಣೆ ಯಾರಿಗೆಂದು ನಮ್ಮ ಮಾಲೀಕರಾದ ಮೇಡಂ ಯೋಚಿಸುತ್ತಿದ್ದ ವಾರ ಅದು. ನನಗೆ ಆ ಪುಸ್ತಕ ಬೇಕಿತ್ತು, ನಾಚಿಕೆ ಬಿಟ್ಟು ಕೇಳುವಷ್ಟು ಬೇಕಿತ್ತು, ಕೇಳಿರಲಿಲ್ಲ ಅಷ್ಟೆ. ಅಷ್ಟರಲ್ಲಿ, ಬೋಂಡಾ ತಿನ್ನಲು ಹೊರಗೆ ಹೋಗಿದ್ದ ನಾಗರಾಜನ ವಾಯ್ಸ್ ಬಂತು. ಅದನ್ನು ನಾನು ಒತ್ತಿ ಕೇಳಲೂ ಇಲ್ಲ. ಕೆಳಗೆ ಬಿದ್ದ ಹೃದಯಗಳನ್ನಷ್ಟೇ ನೋಡುತ್ತಾ ಕೂತೆ. ‘ಪ್ರಯೋಗ ಎಲ್ಲಾ ಅಡುಗೆಮನೇಲೇ! ಸಖತ್ ಐಡಿಯಾ!’ ಎಂದು ಯಾರೋ ಬರೆದಿದ್ದರು. ಅಡುಗೆಮನೆಯೇ? ಅದು ನನ್ನದಲ್ಲವೇ? ಗ್ರೂಪಿನಲ್ಲಿ ಬರೆದಿದ್ದೆನೋ, ಸ್ನಾನ ಮಾಡುವಾಗ ಬರೀ ಅಂದುಕೊಂಡಿದ್ದೆನೋ?

ವಾಪಸ್ ಬಂದು ಕೂತ ನಾಗರಾಜ ಕುರ್ಚಿ ತಿರುಗಿಸಿದ. “ಸಾರ್, ವಾಯ್ಸ್ ಕೇಳಿದ್ರಾ?”

“ಕೇಳ್ದೆ, ಕೇಳ್ದೆ.”

“ಮತ್ತೆ ಏನೂ ಹೇಳ್ಲೇ ಇಲ್ಲ?”

“ಬಂದಿರೋ ಹೃದಯಗಳು ಸಾಲ್ದೇನಪ್ಪಾ?”

ಅವನು ಪೆಚ್ಚಾಗಿ ಮತ್ತೆ ಬಣ್ಣದ ಕಡೆ ತಿರುಗಿದ. ಸಂಜೆ ಮೇಡಂ ಕರೆದರು. “ಮೂರ್ತಿ, ಪುಸ್ತಕ ನಾಗರಾಜೇ ನೋಡ್ಕೊಳ್ಲಿ. ಅವ್ರು ಅಷ್ಟು ಹೇಳಿದ್ರೂ ನೀವು ಗ್ರೂಪಲ್ಲಿ ಒಂದು ಹೂಂ ಅನ್ಲಿಲ್ಲ. ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ.”

ಗಿರಿನಗರದ ಬಸ್ಸಿನಲ್ಲಿ, ಕಂಬಕ್ಕೆ ಒರಗಿ ನಿಂತು, ಆ ವಾಯ್ಸನ್ನು ಮೊದಲ ಸಲ ಒತ್ತಿದೆ. “ಮೇಡಂ, ಪ್ರಯೋಗ ಎಲ್ಲಾ ಅಡುಗೆಮನೇಲೇ ಮಾಡ್ಸೋಣ ಅಂತ ನಮ್ ಮೂರ್ತಿ ಸಾರ್ ಮೊನ್ನೆ ಬರೆದಿದ್ರಲ್ಲ? ಉದ್ದ ಇತ್ತು, ಯಾರೂ ಕೆಳಗಿನ ತನಕ ಓದಿಲ್ಲ. ಸಖತ್ತಾಗಿದೆ. ಪುಸ್ತಕ ಅವ್ರಿಗೇ ಕೊಡಿ.” ನಡುವೆ ಬೋಂಡಾ ಅಗಿಯುವ ಸದ್ದೂ ಇತ್ತು.

ಮನೆ ತಲುಪಿದ ಮೇಲೆ ಗ್ರೂಪಿನಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಿದೆ. ನನ್ನ ಸಂದೇಶ ಅಲ್ಲೇ ಇತ್ತು. ಅಡುಗೆಮನೆ ಅದರ ಕೊಟ್ಟಕೊನೆಯ ಸಾಲಿನಲ್ಲಿತ್ತು. ಕೆಳಗೆ ಒಂದೇ ಒಂದು ಹೆಬ್ಬೆರಳು. ಯಾರದೆಂದು ಒತ್ತಿ ನೋಡಿದೆ: ನಾಗರಾಜನದು.