ಮೂರು ಬೀದಿಗೆ ಒಂದು ವಾಕ್ಯ

ನಮ್ಮೂರಿನ ಹಾಲಿನ ಡೇರಿಗೆ ನಾನು ಸೆಕ್ರೆಟರಿ. ಹಾಲು ಅಳೆಯುವುದು, ಫ್ಯಾಟ್ ನೋಡುವುದು ಇವೆಲ್ಲ ಹೊಟ್ಟೆಪಾಡು. ನನ್ನ ನಿಜವಾದ ಪ್ರತಿಭೆ ಇರುವುದು ಬರವಣಿಗೆಯಲ್ಲಿ ಎಂದು ಬಹಳ ವರ್ಷ ನಂಬಿದ್ದೆ. ಡೇರಿಯ ಕರಿಹಲಗೆಯ ಮೇಲೆ "ನಾಳೆ ದನದ ಡಾಕ್ಟರು ಬರುತ್ತಾರೆ" ಎಂದು ಬರೆದು ಸುಮ್ಮನಾಗುವ ಜಾಯಮಾನ ನನ್ನದಲ್ಲ. ಹಲಗೆಯ ಮೇಲ್ತುದಿಯಿಂದ ಹೊರಟು, ರೈತನ ಬೆವರು, ಗೋವಿನ ಮಹಿಮೆ, ದೇಶದ ಪ್ರಗತಿ ಎಲ್ಲವನ್ನೂ ಮಾತಾಡಿಸಿಕೊಂಡು, ಕೊನೆಗೆ ಕೆಳಗಿನ ಮೂಲೆಯಲ್ಲಿ ಡಾಕ್ಟರು ಬರುತ್ತಿದ್ದರು. ಎಷ್ಟೋ ಸಲ ಜನ ಅದನ್ನು ಓದಿ ಮುಗಿಸುವಷ್ಟರಲ್ಲಿ ಡಾಕ್ಟರು ಬಂದು ಹೋಗಿಯೂ ಆಗಿರುತ್ತಿತ್ತು!

"ಸೆಕ್ರೆಟ್ರಿ ಅಣ್ಣನ ಮಾತು ಕನಕಪುರದಲ್ಲಿ ಬಸ್ ಹತ್ತುದ್ರೆ ಸಾತನೂರು ಬರೋಗಂಟ ಇಳಿಯಲ್ಲ" ಎಂದು ಜನ ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಆಗ ಎಲ್ಲರ ಕೈಗೂ ಮೊಬೈಲು ಬಂದಿರಲಿಲ್ಲ. ಆದರೆ ಕಾರ್ಖಾನೆಗಳು ಬರತೊಡಗಿದ್ದವು. ರಾಗಿ ಹೊಲ ಇದ್ದ ಕಡೆ ಕಾಂಪೌಂಡು, ಕಾಂಪೌಂಡಿನ ಮೇಲೆ ತಂತಿ, ಗೇಟಿನಲ್ಲಿ ಟೋಪಿ ಹಾಕಿದ ವಾಚ್‌ಮನ್. ನಮ್ಮ ಕಡೆಯ ರಸ್ತೆಗೂ ಒಂದು ಬಟ್ಟೆ ಹೊಲಿಯುವ ಫ್ಯಾಕ್ಟರಿ ಬಂತು. ನನ್ನ ಹೆಂಡತಿ ಜಯಮ್ಮನಿಗೆ ಹೊಲಿಗೆ ಬರುತ್ತಿತ್ತು. ಅಲ್ಲಿ ಕೆಲಸಕ್ಕೆ ಸೇರಬೇಕೆಂದು ಅವಳಿಗೆ ಬಹಳ ಆಸೆ. ಆದರೆ ನಮ್ಮೂರಿಂದ ಮೇನ್ ರೋಡಿಗೆ ನಡೆದು ಹೋಗಿ, ಬಾಗಿಲಲ್ಲಿ ಜನ ಜೋತಾಡುವ ಸರ್ಕಾರಿ ಬಸ್ಸು ಹತ್ತಿ ಸಮಯಕ್ಕೆ ಸರಿಯಾಗಿ ಮುಟ್ಟುವುದು ಆಗದ ಮಾತು. ಅವಳು ಸುಮ್ಮನೆ ಕೂರಲಿಲ್ಲ. ಫ್ಯಾಕ್ಟರಿಗೇ ಹೋಗಿ ಅಲ್ಲಿನ ಮೇಡಮ್ಮನ್ನು ಕಂಡು, ಕಂಪನಿ ಬಸ್ಸನ್ನು ನಮ್ಮೂರ ಒಳಗೇ ತರಿಸುವ ಮಾತಾಡಿಕೊಂಡು ಬಂದಳು. ಒಂದೇ ಷರತ್ತು. ಭಾನುವಾರ ಮೇಡಂ ಬಂದಾಗ ಒಂದು ಬಸ್ಸು ತುಂಬುವಷ್ಟು ಹೆಣ್ಣುಮಕ್ಕಳು ಸೇರಿ, ರೇಷನ್ ಕಾರ್ಡ್ ತೋರಿಸಿ ಹೆಸರು ಕೊಡಬೇಕು. ಸೇರದಿದ್ದರೆ ಬಸ್ಸು ಪಕ್ಕದೂರಿಗೆ.

"ಮನೆ ಮನೆಗೂ ಹೋಗಿ ನಾನೇ ಹೇಳ್ಬುಟ್ಟು ಬತ್ತೀನಿ" ಅಂದಳು ಜಯಮ್ಮ.

"ಛೇ ಛೇ! ಕೈಗಾರಿಕೆ ಬಂದಿರೋ ಕಾಲದಲ್ಲಿ ಮನೆ ಮನೆ ಸುತ್ತೋದೇನೆ? ಮೈಕಲ್ಲಿ ಹೇಳುಸ್ತೀನಿ. ಬರವಣಿಗೆ ನನಗೆ ಬುಡು" ಅಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಆದರೆ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು. ಅವುಗಳನ್ನು ಬಿಟ್ಟು ಅವಳು ಅತ್ತಿತ್ತ ಅಲ್ಲಾಡುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡಳು.

ನಾನು ಬರೆದೆ. ಒಂದೇ ವಾಕ್ಯ! "ಸಮಸ್ತ ಗ್ರಾಮಸ್ಥ ಬಂಧುಗಳಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕೈಗಾರಿಕಾ ಪ್ರಗತಿಯ ಈ ಪರ್ವಕಾಲದಲ್ಲಿ, ನಮ್ಮ ಗ್ರಾಮದ ಜಮೀನುಗಳ ಮಗ್ಗುಲಲ್ಲೇ ತಲೆಯೆತ್ತಿರುವ ಸಿದ್ಧ ಉಡುಪು ಕಾರ್ಖಾನೆಯವರು, ಹೊಲಿಗೆ ಬಲ್ಲ ಹಾಗೂ ಕಲಿಯಬಯಸುವ ಮಹಿಳೆಯರನ್ನು ತಮ್ಮದೇ ಬಸ್ಸಿನಲ್ಲಿ ಕರೆದೊಯ್ದು, ಯೋಗ್ಯ ಸಂಬಳ ನೀಡಿ, ಸಂಜೆ ಕ್ಷೇಮವಾಗಿ ಮರಳಿ ತಂದುಬಿಡುವ ಸದುದ್ದೇಶದಿಂದ, ಬರುವ ಭಾನುವಾರ ಬೆಳಿಗ್ಗೆ ಶಾಲಾ ಮೈದಾನದಲ್ಲಿ ಏರ್ಪಡಿಸಿರುವ ಸಭೆಗೆ, ರೇಷನ್ ಕಾರ್ಡ್ ಸಮೇತ ತಪ್ಪದೆ ಆಗಮಿಸಬೇಕಾಗಿ ಕೋರಲಾಗಿದೆ."

ಓದಿಕೊಂಡೆ. ನನಗೇ ಒಂದು ಕ್ಷಣ ಕೈ ಮುಗಿಯಬೇಕೆನಿಸಿತು.

ಸಾತನೂರಿನಿಂದ ಮೈಕ್ ಆಟೋ ಬಂತು. ಡ್ರೈವರ್ ಕೆಂಪರಾಜು ಮೊದಲೇ ಹೇಳಿಬಿಟ್ಟ: "ಅಣ್ಣೋ, ಗಾಡಿ ನಿಲ್ಸು ಅನ್ಬ್ಯಾಡಿ. ನಿಂತ್ರೆ ಮತ್ತೆ ಸ್ಟಾರ್ಟ್ ಆಗಾಕಿಲ್ಲ. ಒಂದೇ ರೌಂಡು, ಆಮೇಲೆ ನನಗೆ ಇನ್ನೊಂದೂರಲ್ಲಿ ಕಣ್ಣಿನ ಕ್ಯಾಂಪಿನ ಪ್ರಚಾರ ಐತೆ."

ಅದಕ್ಕೇನಂತೆ! ನಮ್ಮೂರಿಗೆ ಇರುವುದೇ ಮೂರು ಬೀದಿ. ಮೇಲಿನ ಬೀದಿ, ಅಲ್ಲಿಂದ ಕೆರೆ ಏರಿ ದಾಟಿದರೆ ನಡುಬೀದಿ, ಅದರಾಚೆ ನಮ್ಮ ಮನೆಯಿರುವ ಕೆಳಗಿನ ಬೀದಿ. ಆಟೋದ ಹಿಂದೆ ಕುಳಿತು, ಗಂಟಲು ಸರಿಮಾಡಿಕೊಂಡು, ಭಾವಪೂರ್ಣವಾಗಿ ಓದಿದೆ.

ಆಮೇಲೆ ತಿಳಿದದ್ದು ಇಷ್ಟು. ಮೇಲಿನ ಬೀದಿಯವರಿಗೆ ಸಿಕ್ಕಿದ್ದು ಸವಿನಯ ಮತ್ತು ಪರ್ವಕಾಲ. ನಡುಬೀದಿಯವರಿಗೆ ಜಮೀನು ಮತ್ತು ಕಾರ್ಖಾನೆಯವರು. ಕೆಳಗಿನ ಬೀದಿಯವರಿಗೆ, ಮಹಿಳೆಯರನ್ನು ಬಸ್ಸಿನಲ್ಲಿ ಕರೆದೊಯ್ದು! ಶಾಲೆ, ಭಾನುವಾರ, ಕೋರಲಾಗಿದೆ ಎಲ್ಲವೂ ಊರಾಚೆಯ ಹಿಪ್ಪುನೇರಳೆ ತೋಟದಲ್ಲಿ ಬಿದ್ದವು. ಅಲ್ಲಿ ಕಟ್ಟಿದ್ದ ಒಂದು ಎಮ್ಮೆಗೆ ಮಾತ್ರ ವಾಕ್ಯದ ಕೊನೆ ಕೇಳಿಸಿರಬೇಕು.

ಸಂಜೆ ಡೇರಿಯಲ್ಲಿ ಹಾಲಿಗಿಂತ ಪ್ರಶ್ನೆಗಳೇ ಹೆಚ್ಚು ಬಂದವು. "ಜಮೀನು ಫ್ಯಾಕ್ಟ್ರಿಯವ್ರಿಗೆ ಹೊಂಟೋಯ್ತಂತಲ್ಲಾ, ದಿಟವಾ?" ಎಂದು ನಡುಬೀದಿಯವರು. "ಹೆಣ್ಮಕ್ಕಳನ್ನ ಎಲ್ಲಿಗ್ಲಾ ಕರ್ಕೊಂಡೋಗೋದು?" ಎಂದು ಕೆಳಗಿನ ಬೀದಿಯವರು. ನಾನು ವಿವರಿಸಲು ಶುರುಮಾಡಿದೆ. ನನ್ನ ವಿವರಣೆಯೂ ಅದೇ ಕನಕಪುರದ ಬಸ್ಸು. ಅರ್ಧ ದಾರಿಯಲ್ಲಿ ಎಲ್ಲರೂ ಕ್ಯಾನ್ ಎತ್ತಿಕೊಂಡು ಮನೆಗೆ ಹೋದರು.

ರಾತ್ರಿ ಊಟಕ್ಕೆ ಕೂತಾಗ ಜಯಮ್ಮ ತಟ್ಟೆಗೆ ಮುದ್ದೆ ಇಟ್ಟು ಎದುರಿಗೆ ನಿಂತಳು.

"ಈ ಮುದ್ದೇನ ಒಂದೇ ಸಲಕ್ಕೆ ಬಾಯಿಗೆ ಹಾಕ್ಕಳಿ ನೋಡಾನ."

"ಆಯ್ತದಾ?"

"ಇಲ್ವಲ್ಲ? ಮುರ್ಕೊಂಡು ತಾನೆ ನುಂಗೋದು? ನಿಮ್ಮ ಮಾತೂ ಹಂಗೇಯ. ಒಸಿ ಒಸಿ ಮುರ್ದು ಹೇಳಿ. ಮಧ್ಯೆ ಮಧ್ಯೆ ಉಸಿರಾಡೋಕೆ ಜಾಗ ಬುಡಿ."

ತಟ್ಟೆ ನೋಡಿದ ಕೂಡಲೇ ನನಗೆ ಜ್ಞಾನೋದಯವಾಯಿತು. ಮಾರನೆಯ ದಿನ ಡೇರಿ ಕೆಲಸ ಬದಿಗಿಟ್ಟು ನನ್ನ ವಾಕ್ಯವನ್ನು ಕತ್ತರಿಸಲು ಕುಳಿತೆ. ಸವಿನಯ ಹೋಯಿತು. ಪರ್ವಕಾಲ ಹೋಯಿತು. ಕಣ್ಣಲ್ಲಿ ನೀರು ಬಂದರೂ ಗೀಟು ಹೊಡೆಯುತ್ತಲೇ ಹೋದೆ. ಕತ್ತರಿಸುವುದರಲ್ಲಿ ಎಂಥ ಸುಖವಿದೆಯೆಂದು ಆ ದಿನ ಗೊತ್ತಾಯಿತು. ಮೂರು ಪದ ಉದ್ದವೆನಿಸಿದ ಕಡೆ ಎರಡಕ್ಕೆ ಇಳಿಸಿದೆ. ಕೊನೆಗೆ ಉಳಿದದ್ದು ಹೀಗಿತ್ತು:

"ಭಾನುವಾರ ಬಸ್ಸು ಬರುತ್ತದೆ. ಟಿಕೆಟ್ ಇಲ್ಲ. ಬಟ್ಟೆ ಕಾರ್ಖಾನೆ. ಹೊಲಿಗೆ ಕೆಲಸ. ಸಂಬಳ ಉಂಟು. ಹೆಂಗಸರು ಮಾತ್ರ. ಗಂಡಸರು ಬೇಡ. ಶಾಲೆ ಹತ್ತಿರ ಬನ್ನಿ. ರೇಷನ್ ಕಾರ್ಡ್ ತನ್ನಿ. ಮರೆಯಬೇಡಿ."

ಶನಿವಾರ ಕೆಂಪರಾಜು ಮತ್ತೆ ಬಂದ. ಮತ್ತೆ ಒಂದೇ ರೌಂಡು, ಮತ್ತೆ ನಿಲ್ಲದ ಗಾಡಿ. ನಾನು ಒಂದೊಂದು ವಾಕ್ಯವನ್ನೂ ಮುತ್ತು ಪೋಣಿಸಿದಂತೆ ಹೇಳಿದೆ. ಕೇಳಿದವರು ಅರಗಿಸಿಕೊಳ್ಳಲಿ ಎಂದು ನಡುವೆ ಧಾರಾಳವಾಗಿ ಜಾಗ ಬಿಟ್ಟೆ. ಆ ಜಾಗದಲ್ಲಿ ಆಟೋ ಸಲೀಸಾಗಿ ಮುಂದಕ್ಕೆ ಹೋಗುತ್ತಿತ್ತು. ನನಗೆ ಅದು ಹೊಳೆಯಲೇ ಇಲ್ಲ!

ಈ ಸಲ ಸಂಜೆ ಡೇರಿಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಎಲ್ಲರೂ ನಗುನಗುತ್ತಾ ಹಾಲು ಹಾಕಿ ಹೋದರು. ಮನೆಗೆ ಬಂದರೆ ಜಯಮ್ಮನೂ ಮೆಚ್ಚಿಕೊಂಡಳು. "ಇವತ್ತು ಸಂದಾಗಿತ್ತು ಕಣ್ರೀ. ರೇಷನ್ ಕಾರ್ಡ್ ತನ್ನಿ ಅಂದಿದ್ದು ಗಂಟೆ ಹೊಡ್ದಂಗೆ ಕೇಳಿಸ್ತು." ಕೆಳಗಿನ ಬೀದಿಗೆ ಕೇಳಿಸಿದ್ದು ಅದೊಂದೇ ಎಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಜಯಮ್ಮ ಹುಳುಗಳಿಗೆ ಸೊಪ್ಪು ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ನನ್ನ ಜೊತೆ ಶಾಲೆಯ ಹತ್ತಿರ ಬಂದಳು. ಮೇಡಮ್ಮನಿಗೆ ಸ್ವಾಗತ ಭಾಷಣ ಮಾಡುವುದು ಬೇಡವೇ? ಅದಕ್ಕೆಂದು ಕೆಂಪರಾಜುವಿನ ಆಟೋವನ್ನೂ ಕರೆಸಿದ್ದೆ. ಮೈದಾನಕ್ಕೆ ಬಂದು ನಿಂತದ್ದೇ ಅದು ಸದ್ದಡಗಿ ಕುಳಿತುಬಿಟ್ಟಿತು. ಮೈಕಿಗೆ ಬೇರೆ ಬ್ಯಾಟರಿ ಇದ್ದದ್ದರಿಂದ ನನಗೇನೂ ಚಿಂತೆಯಾಗಲಿಲ್ಲ.

ಮೈದಾನದಲ್ಲಿ ಮೈಕ್ ಆಟೋ ನಿಂತದ್ದು ಕಂಡು ಮೊದಲು ಬಂದವರು ಮೇಲಿನ ಬೀದಿಯ ಅಜ್ಜಿಯರು. ತಲೆಗೆ ಹೂವು, ಕೈಯಲ್ಲಿ ಪುಳಿಯೋಗರೆ ಗಂಟು, ಕಂಕುಳಲ್ಲಿ ಬಟ್ಟೆಯ ಚೀಲ. ಮುಂದಾಳು ಹೊನ್ನಜ್ಜಿ ನನ್ನ ಗಲ್ಲ ಸವರಿ ಕೇಳಿದಳು:

"ಮೊದ್ಲು ಯಾವ ದೇವಸ್ಥಾನಕ್ಕೆ ಮಗ? ಟಿಕೆಟ್ ಇಲ್ಲ ಅಂದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ."

ದೇವಸ್ಥಾನಕ್ಕಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅದೇ ಆಟೋ ಕಂಡು ಕೆಳಗಿನ ಬೀದಿಯ ಗಂಡಸರು ರೇಷನ್ ಕಾರ್ಡ್ ಹಿಡಿದು, ಖಾಲಿ ಕ್ಯಾನುಗಳನ್ನು ಕುಲುಕಿಸುತ್ತಾ ಬಂದು ಸಾಲಾಗಿ ನಿಂತರು. ನಮ್ಮ ಪಕ್ಕದ ಮನೆಯ ಚಿಕ್ಕಣ್ಣ ಕೇಳಿದ:

"ಸೀಮೆಎಣ್ಣೆ ಲಾರಿ ಎಷ್ಟೊತ್ತಿಗ್ಲಾ ಬರೋದು?"

"ಯಾವ ಸೀಮೆಎಣ್ಣೆಲಾ?"

"ನೀನೇ ತಾನೆ ಕಾರ್ಡ್ ತನ್ನಿ ಅಂತ ಕೂಗಿದ್ದು? ಎಣ್ಣೆಗಲ್ದೆ ಕಾರ್ಡು ಇನ್ಯಾತಕ್ಕೆ?"

ನಡುಬೀದಿಯಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಊರಿನ ಹರೆಯದ ಹೆಣ್ಣುಮಕ್ಕಳು ಹೆಚ್ಚಾಗಿ ಇರುವುದೇ ಅಲ್ಲಿ. ನೋಡಿಕೊಂಡು ಬರಲು ಹೋದ ಕೆಂಪರಾಜು ಓಡುತ್ತಾ ವಾಪಸ್ಸು ಬಂದ. "ಒಂದು ಬಾಗ್ಲೂ ತೆಗೀತಿಲ್ಲ ಅಣ್ಣೋ! ಹೆಂಗಸರು ಮಾತ್ರ, ಗಂಡಸರು ಬೇಡ ಅಂದ್ರಂತೆ. ಮಕ್ಕಳಾಗ್ದಂಗೆ ಆಪ್ರೇಸನ್ ಮಾಡೋ ಕ್ಯಾಂಪು ಅಂತ ಎಲ್ಲಾ ಒಳಗೆ ಸೇರ್ಕೊಂಡವ್ರೆ!"

ಕಾರ್ಖಾನೆ, ಹೊಲಿಗೆ, ಸಂಬಳ ಎಲ್ಲಿ ಹೋದವು? ಕೆರೆ ಏರಿಯ ಮೇಲೆ ಬರುವಾಗ ಹೇಳಿದ್ದೆ. ಸೀದಾ ಕೆರೆಗೆ ಬಿದ್ದಿದ್ದವು. ಉದ್ದ ವಾಕ್ಯ ಕೇಳಿದ ದಿನ ಜನಕ್ಕೆ ಅರ್ಧ ತಿಳಿದಿತ್ತು, ಆದ್ದರಿಂದ ಬಂದು ಕೇಳಿದ್ದರು. ತುಂಡು ವಾಕ್ಯ ಕೇಳಿದ ದಿನ ಎಲ್ಲರಿಗೂ ಪೂರ್ತಿ ತಿಳಿದಂತಾಗಿ, ಯಾರೂ ಏನನ್ನೂ ಕೇಳಲಿಲ್ಲ.

ಮೇಡಂ ವ್ಯಾನಿನಿಂದ ಇಳಿದರು. ಪುಳಿಯೋಗರೆ ನೋಡಿದರು. ಕ್ಯಾನುಗಳನ್ನು ನೋಡಿದರು. ಆಮೇಲೆ ವಾಚು ನೋಡಿಕೊಂಡರು. ನಾನು ಗಾಬರಿಯಲ್ಲಿ ಮೈಕ್ ಆನ್ ಮಾಡಿ, "ಮೇಡಂ ಬಂದಿದ್ದಾರೆ. ಸಂತೋಷ. ಕುರ್ಚಿ ಇಲ್ಲ" ಅಂದೆ.

"ಸರಿ ಜಯಮ್ಮ, ನಾವು ಪಕ್ಕದೂರಿಗೇ ಹೋಗ್ತೀವಿ" ಅಂದರು ಮೇಡಂ.

ಜಯಮ್ಮ ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು. ಅವಳು ಅಷ್ಟು ಆಸೆ ಇಟ್ಟುಕೊಂಡದ್ದನ್ನು ನಾನೇ ಹಾಳು ಮಾಡಿದೆನಲ್ಲಾ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳು ಹತ್ತಿರ ಬಂದು ಶುರುಮಾಡಿದಳು:

"ಅಲ್ಲಾ, ನಮ್ಮೂರ ಹೆಣ್ಮಕ್ಕಳನ್ನ ಹೊಲಿಗೆ ಕೆಲಸಕ್ಕೆ ಕರ್ಕೊಂಡೋಗಿ ಸಂಜೆ ಮನೆ ತಾವ್ಕೇ ತಂದು ಬುಡ್ತೀವಿ ಅಂತ ಫ್ಯಾಕ್ಟ್ರಿ ಮೇಡಮ್ಮು ಅಷ್ಟು ದೂರದಿಂದ ಬಂದು ಸ್ಕೂಲ್ ಮುಂದೆ ಕಾಯ್ತಾ ನಿಂತವ್ರೆ, ಒಂದು ಬಸ್ಸಿಗಾಗೋವಷ್ಟು ಜನ ಈಗಿಂದೀಗ ಹೆಸ್ರು ಕೊಡ್ದೆ ಹೋದ್ರೆ ಬಸ್ಸು ಪಕ್ಕದೂರ ಪಾಲಾಯ್ತದೆ, ತಿಂಗಳಾದ್ರೆ ನಮ್ಮ ಸಂಬಳ ನಮ್ಮ ಕೈಗೆ ಅಂತ ನಾನು ಹುಳಕ್ಕೆ ಸೊಪ್ಪು ಹಾಕ್ತಾ ಹಾಕ್ತಾ ಕನಸು ಕಾಣ್ತಿದ್ರೆ, ನೀವು ಅದನ್ನ ಮೇಲಿನ ಬೀದಿಗೆ ದೇವಸ್ಥಾನ, ನಡುಬೀದಿಗೆ ಆಪ್ರೇಸನ್ನು, ನಮ್ಮ ಬೀದಿಗೆ ಸೀಮೆಎಣ್ಣೆ ಅಂತ ಹಂಚ್ಕೊಂಡು ಬಂದಿದ್ದೀರಲ್ಲಾ, ಮನೆ ಮನೆಗೂ ಹೋಗಿ ನಾನೇ ಹೇಳ್ತೀನಿ ಅಂದ್ರೆ ಮೈಕು ಮೈಕು ಅಂತ ಕುಣುದ್ರಲ್ಲಾ, ನಿಮ್ಮನ್ನ ಕಟ್ಕೊಂಡು ನಾನು ಏನ್ ಮಾಡ್ಲಿ ಹೇಳಿ!"

ನಿಂತ ಆಟೋ, ಅಲುಗಾಡದ ಮೈಕು. ಒಂದಕ್ಷರ ಕೆರೆಗೆ ಬೀಳಲಿಲ್ಲ, ತೋಟಕ್ಕೂ ಹೋಗಲಿಲ್ಲ. ಇಡೀ ವಾಕ್ಯ ಇಡೀ ಊರಿಗೆ ಕೇಳಿಸಿತು. ನಡುಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಣ್ಣುಮಕ್ಕಳು ಮೊದಲು ಓಡಿ ಬಂದದ್ದು ಸೆಕ್ರೆಟರಿಗೆ ಹೆಂಡತಿ ಬೈಯುವುದನ್ನು ನೋಡಲು. ನೋಡಿ, ನಕ್ಕು, ಹೇಗೂ ಬಂದಾಯಿತಲ್ಲ ಎಂದು ಹೆಸರು ಕೊಟ್ಟರು. ಕೆಳಗಿನ ಬೀದಿಯ ಗಂಡಸರು ಕ್ಯಾನು ತೆಗೆದುಕೊಂಡು ಹೋಗಿ ಹೆಂಡತಿಯರನ್ನು ಕಳಿಸಿದರು. ಒಂದು ಬಸ್ಸಿಗಾಗುವಷ್ಟು ಹೆಸರು ಸೇರಿತು! ಹೊನ್ನಜ್ಜಿ ಪುಳಿಯೋಗರೆ ಬಿಚ್ಚಿ ಎಲ್ಲರಿಗೂ ಹಂಚಿದಳು. ನನಗೂ ಒಂದು ಹಿಡಿ ಸಿಕ್ಕಿತು.

ಆಟೋ ಮಾತ್ರ ಸ್ಟಾರ್ಟ್ ಆಗಲಿಲ್ಲ. ಅದನ್ನು ಮೇನ್ ರೋಡಿನವರೆಗೆ ತಳ್ಳಿದವನು ನಾನು.

ಈಗ ದಿನಾ ಬೆಳಿಗ್ಗೆ ಕಂಪನಿ ಬಸ್ಸು ಊರೊಳಗೆ ಬಂದು ಹಾರನ್ ಹೊಡೆಯುತ್ತದೆ. ಜಯಮ್ಮ ಊಟದ ಡಬ್ಬಿ ಹಿಡಿದು ಹೊರಡುತ್ತಾ, ಬಾಗಿಲಲ್ಲಿ ನಿಂತು ನನಗೆ ಹೇಳುತ್ತಾಳೆ: "ಹುಳಕ್ಕೆ ಸೊಪ್ಪು ಹಾಕಿ. ಹಸುಗೆ ನೀರು ಕುಡುಸಿ. ಸಾರು ಕಾಯ್ಸಿ. ಪಾತ್ರೆ ತೊಳೀರಿ."

ಎಲ್ಲವೂ ಚಿಕ್ಕ ಚಿಕ್ಕ ವಾಕ್ಯಗಳು. ಇದುವರೆಗೆ ಒಂದೂ ನನಗೆ ಅರ್ಥವಾಗದೆ ಹೋಗಿಲ್ಲ.